ಹಂಚಿನ ಕಾರ್ಖಾನೆಯ ಚರಿತ್ರೆಯೊಳಗೆ ಒಂದು ಮೊಸಳೆ

ನನ್ನ ಅಣ್ಣ ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಮಾಡಿನ ಹಂಚನ್ನು! ಅತ್ತಾವರದ ಒಂದು ಸಾವಿನ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಇವನೊಬ್ಬ ಕತ್ತೆತ್ತಿ, "ನಮ್ಮದೇ ಹಂಚು" ಎಂದು ನನ್ನ ಕಿವಿಯಲ್ಲಿ ಊದಿದ. ಪಕ್ಕದವರೂ ಕತ್ತೆತ್ತಿದರು. ಜೀವ ಹೋಗುವುದು ಕಾಣುತ್ತದೆ ಎಂದುಕೊಂಡರೋ ಏನೋ!

ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ಸುಟ್ಟ ಹಂಚನ್ನು ಬೆರಳಗಂಟಿನಿಂದ ತಟ್ಟಿ ನೋಡುವುದು ಅವನ ಕೆಲಸ. ಠಣ್ ಎಂದರೆ ಒಳ್ಳೆಯದು, ಬದ್ ಎಂದರೆ ಬಿರುಕು. ಕಾರ್ಖಾನೆ ಮುಚ್ಚಿದರೂ ತಟ್ಟುವುದು ನಿಲ್ಲಲಿಲ್ಲ. ನನ್ನ ಗಂಡನನ್ನೂ ಬೆನ್ನು ತಟ್ಟಿಯೇ ಒಪ್ಪಿದ್ದು! ಕೊನೆಗೆ ಕಾರ್ಖಾನೆಯ ಚರಿತ್ರೆ ಬರೆಯಲು ಕೂತ. ಮಳೆಗಾಲವಿಡೀ ಬರೆದರೂ ಅದರಲ್ಲಿ ಕಾರ್ಖಾನೆಯೇ ಬರಲಿಲ್ಲ. ಚರಿತ್ರೆ ಇನ್ನೂ ಮಣ್ಣಿನಲ್ಲೇ ಇತ್ತು.

"ಹೆಂಗಸರ ವಿಷಯ ನೀನೇ ಹೇಳ್ಬೇಕು" ಎಂದು ನನ್ನ ಬೆನ್ನು ಹಿಡಿದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಮಣ್ಣು ಹೊತ್ತವಳಲ್ಲವೇ ನಾನು?

"ಎಂತ ಹೇಳುವುದು? ಹೊತ್ತೆವು, ಇಳಿಸಿದೆವು."

ಬಿಟ್ಟನೇ? ದಿನಾ ಬಂದ. ಓದಿದವರು ಬೇಸರವಾದರೆ ಪೇಪರ್ ಬಿಡಿಸುತ್ತಾರೆ. ನಾನು ಸುಳ್ಳು ಹೇಳುತ್ತೇನೆ. ಬಂಗುಡೆ ಮೀನು ಕೊಯ್ಯುತ್ತಾ, "ಒಮ್ಮೆ ಮಣ್ಣು ತರುವ ದೋಣಿಯಲ್ಲಿ ಮೊಸಳೆ ಬಂತು" ಎಂದುಬಿಟ್ಟೆ.

"ಎಂತ?"

"ಮೊಸಳೆ ಮಾರಾಯ! ನಾವು ಹೆಂಗಸರು ಬುಟ್ಟಿ ಮಗುಚಿ ಹಾಕಿ ಹಿಡಿದದ್ದು. ತಲೆ ಬುಟ್ಟಿಯೊಳಗೆ, ಬಾಲ ಹೊರಗೆ, ಮ್ಯಾನೇಜರ್ ಮರದ ಮೇಲೆ!"

ಹೇಳುತ್ತಾ ಹೇಳುತ್ತಾ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವನು ತುಟಿ ಅಲುಗಿಸದೆ ಬರೆದುಕೊಂಡ.

ಒಂದು ಆದಿತ್ಯವಾರ ಹಳೆಯ ಕೆಲಸಗಾರರನ್ನು ಜಗಲಿಯಲ್ಲಿ ಕೂರಿಸಿ ಎಲ್ಲವನ್ನೂ ಓದಿದ. ಮೊಸಳೆ ಬರುವಾಗ ನಾನು ಬಾಗಿಲ ಮರೆಗೆ ಸರಿದೆ. ದೋಣಿ ನಡೆಸುತ್ತಿದ್ದ ಇದಿನಬ್ಬ ಬ್ಯಾರಿ ತೊಡೆ ತಟ್ಟಿದರು. "ಆ ದೋಣಿ ತಂದದ್ದು ನಾನೇ ಮಾರಾಯ್ರೆ! ಐದು ಮೊಳ ಇತ್ತು!"

"ಎಂತ ಐದು? ಏಳು!" ಎಂದ ಹಂಚು ಸುಡುವ ಭಟ್ಟಿಯ ಕೊರಗಪ್ಪ. "ನಿಮಗೆಲ್ಲಿ ಕಂಡದ್ದು ಬ್ಯಾರಿಗಳೇ, ನೀವು ನೀರಿಗೆ ಹಾರಿ ಆಗಿತ್ತಲ್ಲ!"

ನನ್ನ ಮೊಸಳೆ ನನ್ನ ಕಣ್ಣೆದುರೇ ಬೆಳೆಯುತ್ತಿತ್ತು!

ಅವರೆಲ್ಲ ಹೋದ ಮೇಲೆ ಅಣ್ಣ, "ನಾಳೆ ಕೊಡಿಯಾಲ್‌ಬೈಲಿನ ಪ್ರೆಸ್ಸಿಗೆ ಕೊಡ್ತೇನೆ" ಎಂದ. ಬಿರುಕಿನ ಒಂದು ಹಂಚನ್ನೂ ದಾಟಲು ಬಿಡದವನ ಪುಸ್ತಕದಲ್ಲಿ ನನ್ನ ಸುಳ್ಳು! ಊರು ನಗುವುದು ನನ್ನನ್ನಲ್ಲ, ಅವನನ್ನು.

"ಅಣ್ಣಾ, ಆ ಮೊಸಳೆ ಸುಳ್ಳು. ತೆಗೆದುಬಿಡು."

"ಗೊತ್ತುಂಟು" ಎಂದ. "ಮಣ್ಣು ಇಳಿಸುವಾಗ ನಾನೂ ಅಲ್ಲೇ ಇರ್ತಿದ್ದೆನಲ್ಲ."

"ಮತ್ತೆ ಯಾಕೆ ಬರೆದದ್ದು?"

ಅವನು ಕಾಗದಗಳನ್ನು ನೂಲಿನಿಂದ ಕಟ್ಟುತ್ತಾ ತಲೆ ಎತ್ತಲಿಲ್ಲ.

"ಅಲ್ಲಿ ನೀನು ನಗುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಆ ಕಾರ್ಖಾನೆಯ ವಿಷಯ ಹೇಳಿ ನೀನು ನಕ್ಕದ್ದು ಅದೊಂದೇ ದಿನ. ಅದನ್ನು ಹೇಗೆ ತೆಗೆಯುವುದು, ಹೇಳು?"