ನಿಂತರೆ ಹೊರಡದ ಸೈಕಲ್ಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದಿನಚರಿ ಬರೆಯುವ ಅಭ್ಯಾಸವಿದೆ, ಇತಿಹಾಸದಲ್ಲಿ ಎಂ.ಎ. ಆಗಿದೆ, ಆದರೂ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಪ್ರತಿ ಸಲವೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನಾವು ಮೂವರು ಉರಿಗಾಂನ ಚಿನ್ನದ ಗಣಿ ಮನೆಗಳಲ್ಲಿ ಅಕ್ಕಪಕ್ಕ ಬೆಳೆದವರು. ಮದುವೆಯಾಗಿ ಸೆಲ್ವಿ ಚೆನ್ನೈಗೆ ಹೋದಳು, ರತ್ನ ಕುಪ್ಪಂಗೆ, ನಾನು ಬಂಗಾರಪೇಟೆಗೆ. ಐವತ್ತು ದಾಟಿದ ಮೇಲೆ ಮಹಾಬಲಿಪುರದಲ್ಲಿ ಸೇರಿ, ಎರಡು ದಿನ ಕಡಲ ತೀರದುದ್ದಕ್ಕೂ ಸೈಕಲ್ ಹೊಡೆಯೋಣ ಎಂದು ವಾಟ್ಸಾಪಿನಲ್ಲಿ ಸೂಚಿಸಿದವಳು ನಾನೇ. ಅಷ್ಟಕ್ಕೆ ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ನಿಮ್ಮಿಬ್ಬರಿಗೂ ಸೈಕಲ್ ಕಲಿಸಿದ್ದೇ ನಾನಲ್ಲವೇ" ಎಂದೂ ಬರೆದೆ.

ರತ್ನಳ ಧ್ವನಿ ಸಂದೇಶ ತಕ್ಷಣ ಬಂತು: "ಅಂಗೇನೇ? ಸರಿ, ಬಸ್ ಸ್ಟ್ಯಾಂಡಿಂದ ಸಮುದ್ರದತ್ರ ಸೈಕಲ್ ಮ್ಯಾಲೇ ಬಾ. ಬಂದ್ರೆ ನೀನೇ ಗುರು. ಇಲ್ಲಾಂದ್ರೆ ಇನ್ನೊಂದ್ಸಲ ಆ ಮಾತು ಎತ್ತಂಗಿಲ್ಲ."

ಹೀಗೆ ನನ್ನ ಗುರುಸ್ಥಾನ ಪಣಕ್ಕೆ ಬಿತ್ತು.

"ಒಂದು ಸಲ ಕಲಿತ ಸೈಕಲ್ ಮರೆಯೋದಿಲ್ಲ" ಎಂದು ಯಜಮಾನರಿಗೆ ಧೈರ್ಯ ಹೇಳಿದೆ.

"ಕಲಿತಿದ್ದರೆ" ಎಂದು ಅವರು ಪೇಪರ್ ಮಗುಚಿದರು.

ಮಹಾಬಲಿಪುರದ ಬಸ್ ಸ್ಟ್ಯಾಂಡ್ ಪಕ್ಕದ ಬಾಡಿಗೆ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಸೀಟಿನ ಮೇಲೆ ಕೂತು, ಮೆಟ್ಟಿಲನ್ನು ಒದ್ದೆ. ಸೈಕಲ್ ಘನತೆಯಿಂದ ಹೊರಟಿತು. ಮೊದಲ ತಿರುವಿನಲ್ಲಿ ಹಸುವೊಂದು ಅಡ್ಡ ಬಂತು. ಇಳಿದೆ. ಹಸು ಹೋಯಿತು. ನಾನು ಹೋಗಲಿಲ್ಲ.

ಉರಿಗಾಂನಲ್ಲಿ ಮನೆ ಮುಂದಿನ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ ಒದ್ದರಾಯಿತು. ಮಿಕ್ಕದ್ದನ್ನು ಇಳಿಜಾರು ನೋಡಿಕೊಳ್ಳುತ್ತಿತ್ತು. ಕಲ್ಲೂ ಇಳಿಜಾರೂ ಇಲ್ಲದ ಕಡೆ ಸೈಕಲ್ ಹತ್ತುವುದನ್ನು ನಾನು ಕಲಿತೇ ಇರಲಿಲ್ಲ. ಈ ಊರೋ ರೊಟ್ಟಿ ಹಂಚಿನಷ್ಟು ಸಪಾಟು.

ಆದರೆ ಕಲ್ಲಿಗೆ ಅಲ್ಲಿ ಬರವೇ? ಅನುಕೂಲವಾದ ಒಂದು ಬಂಡೆಯ ಮೇಲೆ ಕಾಲಿಟ್ಟೆ. ಕಾವಲುಗಾರ ಸೀಟಿ ಊದಿಕೊಂಡು ಬಂದ. "ಅಮ್ಮಾ, ಕಾಲ್ ಎಡುಂಗ." ಕಾಲು ತೆಗೆಯಬೇಕಂತೆ, ಅದು ಪಲ್ಲವರ ಕಾಲದ ಕಲ್ಲಂತೆ. ಇತಿಹಾಸದ ಎಂ.ಎ. ತಲೆ ತಗ್ಗಿಸಿ ಸೈಕಲ್ ತಳ್ಳಿಕೊಂಡು ಹೋಯಿತು.

ಕೊನೆಗೆ ಎಳನೀರಿನವಳನ್ನು ಬೇಡಿ, ಅವಳ ಮರದ ಪೆಟ್ಟಿಗೆಯ ಮೇಲೆ ಕಾಲಿಟ್ಟು ಮತ್ತೆ ಹೊರಟೆ. ಇನ್ನು ಏನೇ ಆದರೂ ನಿಲ್ಲುವುದಿಲ್ಲವೆಂದು ಪ್ರತಿಜ್ಞೆ ಮಾಡಿದೆ.

ಮರಳಿನ ಅಂಚಿನಲ್ಲಿ ಇಬ್ಬರೂ ಸೈಕಲ್ ಹಿಡಿದು ನಿಂತಿದ್ದರು. ಎಷ್ಟು ವರ್ಷದ ಮೇಲೆ ಕಂಡ ಮುಖಗಳು! ಕಣ್ಣು ತುಂಬಿ ಬಂತು. ಆದರೆ ಅವರೆದುರು ಇಳಿದರೆ ಅವರೆದುರೇ ಹತ್ತಬೇಕು. ಸುತ್ತ ಕಣ್ಣಾಡಿಸಿದೆ. ಒಂದು ಇಟ್ಟಿಗೆಯೂ ಇಲ್ಲ. ಕೈ ಬೀಸುತ್ತಾ ಮುಂದೆ ಹೋದೆ.

"ಲೇ, ಎಲ್ಲಿಗೇ ಓಗ್ತಿದ್ದೀಯಾ?" ರತ್ನ ಕೂಗಿದಳು.

"ಬಂದೆ ಇರೇ!"

ದೊಡ್ಡದೊಂದು ಸುತ್ತು ಹಾಕಿ ವಾಪಸ್ ಬಂದೆ. "ಸೆಲ್ವಿ, ಕೂದಲು ಯಾವಾಗ ಬೆಳ್ಳಗಾಯ್ತೇ?" ಎಂದು ಕೇಳುವಷ್ಟರಲ್ಲಿ ದಾಟಿಹೋದೆ. ಉತ್ತರ ಮುಂದಿನ ಸುತ್ತಿನಲ್ಲಿ ಸಿಕ್ಕಿತು: "ಸೊಸೆ ಬಂದ ವರ್ಷ ಡೀ!" ಹೀಗೆ ನಮ್ಮ ಉಭಯಕುಶಲೋಪರಿ ಕಂತುಗಳಲ್ಲಿ ನಡೆಯಿತು. ರತ್ನಳ ಮಂಡಿನೋವಿನ ಕಥೆ ಅರ್ಧಕ್ಕೆ ಬಂದಿತ್ತು. ಪೂರ್ತಿ ಕೇಳಬೇಕೆಂದು ತಿರುವನ್ನು ಸಣ್ಣದು ಮಾಡಿದೆ. ಮುಂದಿನ ಚಕ್ರ ಮರಳಿಗೆ ಇಳಿಯಿತು. ನಾನೂ ಇಳಿದೆ, ಮುಖ ಮೊದಲಾಗಿ.

ಇಬ್ಬರೂ ಎತ್ತಿ ಕೂರಿಸಿದರು. ಬಾಯಿಂದ ಮರಳು ಉಗಿದು, ಉರಿಗಾಂನ ಇಳಿಜಾರಿಗೂ ಸೈಕಲ್ ಶಿಕ್ಷಣಕ್ಕೂ ಇರುವ ಸಂಬಂಧವನ್ನು ವಿವರಿಸಿದೆ.

"ನಾವೂ ಅದೇ ಇಳಿಜಾರ್ನೋರೇ ಕಣೇ" ಎಂದಳು ರತ್ನ. "ನಾವು ಸೈಕಲ್ ಅತ್ತಲ್ವಾ?"

"ನೀನೆಲ್ಲಿ ಒಬ್ಬಳೇ ಹೊಡೆದೆ?" ಸೆಲ್ವಿ ನನ್ನ ತಲೆಯ ಮರಳು ಕೊಡವುತ್ತಾ ಹೇಳಿದಳು. "ನೀನು ಹೊಡೆದರೆ ನಿನ್ನ ಚಿಕ್ಕಪ್ಪ ಕ್ಯಾರಿಯರ್ ಹಿಡಿದು ಹಿಂದೆ ಓಡಬೇಕು. ನಾವು ಹೊಡೆದರೆ ನೀನು ಕ್ಯಾರಿಯರ್ ಮೇಲೆ ಕೂತು, ನೇರ ನೋಡು, ಬ್ರೇಕ್ ಹಿಡಿ ಅಂತ ಪಾಠ ಹೇಳಬೇಕು. ಅದನ್ನೇ ಕಲಿಸೋದು ಅಂತೀಯಾ?"

ಸಾಕ್ಷಿಗಳು ಇಬ್ಬರು. ನನ್ನ ಕಡೆ ನಾನೊಬ್ಬಳೇ.

ನನ್ನ ಬಾಡಿಗೆ ಸೈಕಲ್ ಅವತ್ತೇ ಅಂಗಡಿಗೆ ವಾಪಸಾಯಿತು. ಎರಡು ದಿನದ ಪ್ರವಾಸವನ್ನು ಸರದಿಯ ಮೇಲೆ ಅವರಿಬ್ಬರ ಹಿಂದೆ ಕೂತು ಮುಗಿಸಿದೆ. ರತ್ನ ಏದುಸಿರು ಬಿಡುತ್ತಾ, "ಗುರುಗಳೇ, ಸ್ವಲ್ಪ ತೂಕ ಇಳಿಸಿ" ಅಂದಳು. ನಾವು ಮೂವರೂ ಅಷ್ಟು ನಕ್ಕು ಎಷ್ಟೋ ಕಾಲವಾಗಿತ್ತು. ಆ ನಗುವಿನಲ್ಲೂ ಅಭ್ಯಾಸಬಲ, "ನೇರ ನೋಡೇ" ಅಂದೆ.

ಬಂಗಾರಪೇಟೆ ಸ್ಟೇಷನ್ನಿಗೆ ನನ್ನನ್ನು ಕರೆದೊಯ್ಯಲು ಅದೇ ಚಿಕ್ಕಪ್ಪ ಹಾಲಿನ ಕ್ಯಾನು ತಗುಲಿಸಿದ ಮೊಪೆಡ್ ತಂದಿದ್ದರು. ಹಿಂದೆ ಹತ್ತಿ ಕೂತು ಕೇಳಿದೆ:

"ಚಿಕ್ಕಪ್ಪ, ಸತ್ಯ ಹೇಳಿ. ನಾನು ಸೈಕಲ್ ಹೊಡೀತಿದ್ದಾಗ ನೀವು ಒಂದು ಸಲವಾದ್ರೂ ಕೈ ಬಿಟ್ಟಿದ್ರಾ?"

ಅವರು ಗಾಡಿ ಶುರು ಮಾಡಿದರು. "ದುಪಟ್ಟಾ ಚಕ್ರಕ್ಕೆ ಸಿಕ್ತದೆ, ಎತ್ಕೋಮ್ಮಾ" ಅಂದರು.