ಬುಟ್ಟಿಯೊಳಗಿನ ಬೆಳಕು

ಬೀಜಾಡಿಯ ಲೈನ್‌ಮ್ಯಾನ್ ಕುಷ್ಟನಿಗೆ ಈ ವರ್ಷ ಒಂದೇ ಹಟ. ವಿದ್ಯುತ್ ಕಂಪನಿಯ ವಾರ್ಷಿಕ ಪ್ರಗತಿ ವರದಿಯಲ್ಲಿ ತನ್ನ ಫೋಟೊ ಬರಬೇಕು, ಕೆಳಗೆ 'ಮಿತವ್ಯಯದ ಮಾದರಿ ಮನೆ' ಎಂದು ಅಚ್ಚಾಗಿರಬೇಕು. ಅದಕ್ಕೆಂದೇ ಮೀಸೆಗೆ ಬಣ್ಣ ಹಚ್ಚಿಕೊಂಡಿದ್ದ. (ಸ್ವಲ್ಪ ಕೆನ್ನೆಗೂ ತಾಗಿತ್ತು.)

ಆಸೆ ಅತಿಯಾದದ್ದೇನಲ್ಲ. ಕಡಲ ಬದಿಯ ಲೈನೆಂದರೆ ಗಾಳಿಗೆ ಕಂಬದಲ್ಲಿ ತಂತಿ ಹಿಡಿದಿರುವ ಪಿಂಗಾಣಿಯ ಮೇಲೆ ಉಪ್ಪು ಕೂತು, ಮೊದಲ ಹನಿ ಬಿದ್ದ ಕೂಡಲೇ ಕರೆಂಟು ಮಾಯ. ಈ ಸಲ ಮಳೆಗೆ ಮುಂಚೆಯೇ ಕುಷ್ಟ ಕಂಬ ಕಂಬ ಹತ್ತಿ, ಮಗುವಿನ ಮುಖ ಒರೆಸುವಂತೆ ಒಂದೊಂದನ್ನೂ ಒರೆಸಿದ್ದ. ತಂತಿಗೆ ತಾಗುವ ತೆಂಗಿನ ಮಡಲು ಕಡಿದು ಊರಿಡೀ ಬೈಸಿಕೊಂಡಿದ್ದ.

ಉಳಿದದ್ದು ಮನೆಯ ಆಡಳಿತ. ಹಳೆಯ ಬಲ್ಬುಗಳಿಗೆಲ್ಲ ಗಡೀಪಾರು, ಎಲ್‌ಇಡಿಗಳಿಗೆ ಪಟ್ಟಾಭಿಷೇಕ. ಮಿಕ್ಸಿಗೂ ನಿವೃತ್ತಿ ಕೊಟ್ಟು ರುಬ್ಬುವ ಕಲ್ಲನ್ನೇ ಕೆಲಸಕ್ಕೆ ಕರೆದರೆ ಹೇಗೆ ಎಂದು ಹೊಳೆಯಿತು.

"ಹೆಣೇ, ಮಸಾಲೆ ಕಲ್ಲಂಗೆ ಕಡ್ದ್ರೆ ರುಚಿ ಜಾಸ್ತಿ."

"ಹೌದಾ? ಕಲ್ಲ್ ಅಲ್ಲಿತ್ತ್, ಕಾಯಿ ಇಲ್ಲಿತ್ತ್. ನೀವೇ ಕಡ್ದ್ ಕೊಡಿ," ಎಂದಳು ಹೆಂಡತಿ ಚಂದ್ರಮತಿ, ಬಂಗುಡೆ ಕೊಯ್ಯುವ ಕತ್ತಿ ಕೆಳಗಿಡದೆ.

ಮಿಕ್ಸಿಯ ಸೇವಾವಧಿ ವಿಸ್ತರಣೆಯಾಯಿತು.

ಒಂದು ಮಳೆಯ ಬೆಳಿಗ್ಗೆ ಇಂಜಿನಿಯರ್ ಜಿತೇಂದ್ರ ಸಾಹೇಬರು ಕ್ಯಾಮೆರಾ ಸಮೇತ ಪರಿಶೀಲನೆಗೆ ಬಂದರು. ಕುಷ್ಟ ಒಂದೊಂದು ಬಲ್ಬನ್ನೂ ಹತ್ತಿರದ ನೆಂಟರಂತೆ ಪರಿಚಯಿಸಿದ.

"ಸರಿ, ಈಗ ಎಲ್ಲ ಸ್ವಿಚ್ಚೂ ಆಫ್ ಮಾಡಿ."

ಮನೆ ಮಬ್ಬಾಯಿತು. ಮೀಟರಿನ ಕೆಂಪು ದೀಪ ಮಾತ್ರ ಮಿಟುಕುತ್ತಲೇ ಇತ್ತು.

"ಏನು ಕುಷ್ಟಣ್ಣ, ಯಾವುದೋ ಕರೆಂಟು ಎಳೀತಾ ಇದೆಯಲ್ಲ?"

ಕುಷ್ಟ ಒಂದೊಂದು ಪ್ಲಗ್ಗನ್ನೂ ಮುಟ್ಟಿ ನೋಡಿದ. ಹುಡುಕಿದರೆ, ಅಕ್ಕಿ ಡ್ರಮ್ಮಿನ ಹಿಂದಿನಿಂದ ಒಂದು ವಯರು ಕಿಟಕಿ ಹಾರಿ ಹಿತ್ತಿಲಿಗೆ ಹೋಗಿತ್ತು.

"ಕಳ್ಳ ಕರೆಂಟ್! ಆಚೆ ಮನೆ ಬಚ್ಚಂದೇ ಕೆಲ್ಸ!" ಎನ್ನುತ್ತ ವಯರಿನ ಬೆನ್ನು ಹತ್ತಿ ಓಡಿದ. ಸಾಹೇಬರೂ, ಅವರ ಹಿಂದೆ ಚಂದ್ರಮತಿಯೂ ಬಂದರು.

ಕೊಟ್ಟಿಗೆಯ ಮೂಲೆಯಲ್ಲೊಂದು ಕವುಚಿಟ್ಟ ಬುಟ್ಟಿ. ಅದರ ಸಂದಿಗಳಿಂದ ಬಂಗಾರದ ಬೆಳಕು ಸೋರುತ್ತಿತ್ತು. ಕುಷ್ಟ ಬುಟ್ಟಿ ಎತ್ತಿದ. ಒಳಗೆ ಗಡೀಪಾರಾಗಿದ್ದ ನೂರು ವ್ಯಾಟಿನ ಬಲ್ಬು ದರ್ಬಾರು ನಡೆಸುತ್ತಿತ್ತು. ಸುತ್ತ ಒಂದು ಹಿಂಡು ಕೋಳಿಮರಿಗಳು ಒತ್ತೊತ್ತಾಗಿ ನಿದ್ದೆಹೋಗಿದ್ದವು.

"ನನ್ ಮರ್ಯಾದಿ ತೆಗ್ದಿಯಲ್ಲೇ! ಇದಕ್ಕೆ ಎಲ್‌ಇಡಿ ಸಾಕಾತಿರ್ಲಿಲ್ಯಾ?"

"ನಿಮ್ಮ್ ಎಲ್‌ಇಡಿ ಬಿಸಿ ಕೊಡತ್ತಾ? ಮರಿ ಎಂತ ಪೇಪರ್ ಓದುಕ್ ಕೂಕಂಡದ್ದಾ?" ಎಂದ ಚಂದ್ರಮತಿ ಸಾಹೇಬರ ಕಡೆ ತಿರುಗಿದಳು. "ಕಾಣಿ ಸರ್, ಹ್ವಾದ್ ವರ್ಷ ಮಳಿಗೆ ಕರೆಂಟ್ ಹೋಯಿ ಹೋಯಿ, ಬಲ್ಬ್ ತಣ್ದ್, ಮರಿ ಎಲ್ಲ ಸತ್ತ್ ಹ್ವಾಯಿತ್. ಈ ಸಲ ಒಂದೂ ಸಾಯ್ಲಿಲ್ಲ. ಕರೆಂಟ್ ಹ್ವಾದ್ರೂ ನಾನ್ ಚಿಮಣಿ ದೀಪ ಹುಡ್ಕುದ್ರೊಳ್ಗೆ ವಾಪಸ್ ಬತ್ತಿತ್. ಕಂಬ ಹತ್ತಿ ಕೈಗೆ ಬೊಕ್ಕೆ ಬರ್ಸ್ಕಂಡದ್ದ್ ಯಾರ್? ಇವ್ರೇ ಅಲ್ದಾ?"

ಇಷ್ಟು ವರ್ಷದ ಸಂಸಾರದಲ್ಲಿ ಆ 'ಇವ್ರೇ' ಇಷ್ಟು ಮೆತ್ತಗೆ ಕಿವಿಗೆ ಬಿದ್ದ ನೆನಪು ಕುಷ್ಟನಿಗಿರಲಿಲ್ಲ.

"ಮಾದರಿ ಮನೆ ಪಟ್ಟ ಕೊಡೋಕಾಗಲ್ಲ ಕುಷ್ಟಣ್ಣ," ಸಾಹೇಬರು ನಗು ತಡೆಯುತ್ತ ಕ್ಯಾಮೆರಾ ತೆಗೆದರು. "ಆದರೆ ಇದಕ್ಕಿಂತ ಒಳ್ಳೆ ವರದಿ ನನ್ನಿಂದ ಬರೆಯೋಕಾಗಲ್ಲ. ಅಮ್ಮಾ, ಮರಿ ಎತ್ಕೊಳ್ಳಿ. ಕುಷ್ಟಣ್ಣ, ಬುಟ್ಟಿ ಎತ್ತಿ ಹಿಡಿದು ಸ್ವಲ್ಪ ಆಚೆ ಸರೀರಿ. ಇನ್ನೂ ಸ್ವಲ್ಪ."

ವರದಿ ಅಚ್ಚಾಗಿ ಬಂತು. ಮುಖಪುಟದಲ್ಲೇ ಚಂದ್ರಮತಿ, ಮಡಿಲ ತುಂಬ ಮರಿ. ಕೆಳಗೆ 'ನಂಬಿಕೆಯ ಬೆಳಕು' ಎಂಬ ಸಾಲು. ಅಂಚಿನಲ್ಲಿ ಬುಟ್ಟಿ ಹಿಡಿದ ಒಂದು ಮೊಣಕೈ. ಬಣ್ಣದ ಮೀಸೆಯ ಸುಳಿವೇ ಇಲ್ಲ.

ಈಗ ಕುಷ್ಟ ಯಾರ ಮನೆಯೆದುರಿನ ಕಂಬ ಹತ್ತುವುದಿದ್ದರೂ ಮೊದಲು ಆ ಪುಟ ತೋರಿಸುತ್ತಾನೆ.

"ಹ್ವಾಯ್, ಇದ್ ಯಾರ್ ಗೊತ್ತಿತ್ತಾ?"

"ಚಂದ್ರಮತಿ ಅಲ್ದಾ!"

"ಅದಲ್ಲ ಮರಾಯ್ರೆ, ಬದಿಯಂಗೆ ಕಾಣಿ. ಆ ಮೊಣಕೈ ನಂದ್!"