ಅತ್ತೆ, ಅಳಿಯ, ಎಂಜಿನ್ ಆಯಿಲ್

ಕಾರಿನ ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಒಳಗೇನಿದೆ ಎಂದು ಗೊತ್ತಿಲ್ಲದ್ದರಿಂದ ಹುಟ್ಟಿದ ಭಕ್ತಿ ಇದು. ಗೊತ್ತಾದರೆ ಎಲ್ಲಿ ಹೊರಟುಹೋಗುತ್ತದೋ ಎಂದು ನಾನು ತಿಳಿದುಕೊಳ್ಳುವ ಗೋಜಿಗೇ ಹೋಗಿಲ್ಲ. ನನಗೂ ಒಂದು ಕಾರಿದೆ. ಅದರ ಪೆಟ್ರೋಲ್ ಮುಚ್ಚಳ ಯಾವ ಮಗ್ಗುಲಿಗಿದೆ ಎಂಬುದನ್ನು ಪ್ರತಿಸಲವೂ ಬಂಕಿನವರೇ ನನಗೆ ತಿಳಿಸಬೇಕು.

ಈ ಭಕ್ತಿಯ ಬಹುಪಾಲು ಸಲ್ಲುವುದು ನನ್ನ ಅಕ್ಕನ ಗಂಡ ನಾಗರಾಜ ಭಾವನಿಗೆ. ಉಲ್ಲಾಳದ ಅವರ ಅಪಾರ್ಟ್‌ಮೆಂಟಿನಲ್ಲಿ ನೆಲಕ್ಕೆ ಒಂದು ತೊಟ್ಟು ಎಣ್ಣೆ ಬಿದ್ದರೂ ಸಂಘದವರು ಸಭೆ ಕರೆಯುತ್ತಾರೆ. ಹಾಗಾಗಿ ತಮ್ಮ ಹಳೆಯ ಬಿಳಿ ಕಾರಿನ ಆಯಿಲ್ ಬದಲಿಸಲು ಅವರು ಬಸವೇಶ್ವರನಗರದ ನಮ್ಮ ಮನೆಗೆ ಬರುತ್ತಾರೆ. ಬಂದು, ಎಂಜಿನ್ ಬಿಸಿಯಿರುವಾಗಲೇ ಕೆಳಗೆ ತೂರಿ, ಹಳೆಯ ಎಣ್ಣೆಯನ್ನು ಕೊನೆಯ ತೊಟ್ಟಿನವರೆಗೂ ತಟ್ಟೆಗಿಳಿಸುತ್ತಾರೆ. ಒಂದಿಷ್ಟನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಕಣ್ಣು ಮುಚ್ಚುತ್ತಾರೆ. ನಾಡಿ ಹಿಡಿದ ವೈದ್ಯರನ್ನು ನೋಡುವ ಹಾಗೆ ನಾನು ಅವರ ಮುಖ ನೋಡುತ್ತಾ ನಿಲ್ಲುತ್ತೇನೆ. ಒಂದು ವಸ್ತುವನ್ನು ಇಷ್ಟು ಪ್ರೀತಿಯಿಂದ ನೋಡಿಕೊಳ್ಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಇಂಥ ಮನುಷ್ಯನ ಜೊತೆ ನನ್ನ ಅಮ್ಮ ಮಾತನಾಡುತ್ತಿರಲಿಲ್ಲ. ಜಗಳವೇನಿಲ್ಲ, ಮರ್ಯಾದೆ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತನಾಡಬಾರದೆಂದು ಅಮ್ಮನಿಗೆ ಅವರಮ್ಮ ಹೇಳಿಕೊಟ್ಟಿದ್ದರು. ಆದ್ದರಿಂದ ಅಕ್ಕನ ಮದುವೆಯಾದಾಗಿನಿಂದ ಅಡುಗೆಮನೆಗೂ ಹಾಲ್‌ಗೂ ನಡುವೆ ದುಭಾಷಿಯ ಕೆಲಸ ನನ್ನದು. "ಅಳಿಯಂದ್ರಿಗೆ ಕಾಫಿ ಬೇಕಾ ಕೇಳು" ಎಂದು ಬಾಗಿಲ ಮರೆಯಿಂದ ಬರುತ್ತಿತ್ತು. ಎರಡು ಮಾರು ದೂರದಲ್ಲಿ ಕೂತ ಭಾವನಿಗೆ ಅದು ಚೆನ್ನಾಗಿಯೇ ಕೇಳಿಸಿದರೂ ನಾನು ಹೇಳುವವರೆಗೆ ಕೇಳಿಸಿದಂತೆ ತೋರಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಹೆತ್ತ ತಾಯಿಯಿಲ್ಲ. ಒಮ್ಮೆ ಕೈ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಹೇಳಿದ್ದರು, "ನಿಮ್ಮಮ್ಮ ಒಂದ್ಸಲ ನೇರವಾಗಿ ಊಟಕ್ಕೆ ಬನ್ನಿ ಅಂದ್ರೆ ಸಾಕು ಕಣೋ." ನನಗೆ ಪಾಪ ಅನ್ನಿಸಿತು. ಅಮ್ಮನ ಬಳಿ ಹೇಳುವ ಧೈರ್ಯವಾಗಲಿಲ್ಲ.

ಮೊನ್ನೆಯ ಭಾನುವಾರ ಭಾವ ಎರಡು ಡಬ್ಬಿ ತಂದಿದ್ದರು. ಒಂದರ ಮೇಲೆ ಐದು ಡಬ್ಲ್ಯೂ ಮೂವತ್ತು, ಇನ್ನೊಂದರ ಮೇಲೆ ಹದಿನೈದು ಡಬ್ಲ್ಯೂ ನಲವತ್ತು. ಕಂಪನಿ ಹೇಳಿದ್ದು ಮೊದಲನೆಯದು. ಆದರೆ ವಾಟ್ಸಾಪ್‌ನಲ್ಲಿ ಅವರ ಕಾರುಪ್ರೇಮಿಗಳ ಬಳಗವೊಂದಿದೆ. ಎಂಜಿನ್‌ಗೆ ವಯಸ್ಸಾದರೆ ಮಂದದ ಎಣ್ಣೆಯೇ ಸರಿ ಎಂದು ಅಲ್ಲಿ ಅರ್ಧದಷ್ಟು ಜನ ಹಟ ಹಿಡಿದಿದ್ದರಂತೆ. ಡಬ್ಬಿಗಳನ್ನು ಕಟ್ಟೆಯ ಮೇಲಿಟ್ಟು ಭಾವ ಯೋಚನೆ ಮಾಡುತ್ತಲೇ ಕಾರಿನ ಕೆಳಗೆ ಹೋದರು. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಅವೆರಡಕ್ಕೂ ಏನು ವ್ಯತ್ಯಾಸವೆಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎನ್ನುವ ಅಭ್ಯಾಸ ದುಭಾಷಿಗಿರಬಾರದು. ಒಂದು ಮೂವತ್ತು ದಿನ ಬರುತ್ತದೆ, ಇನ್ನೊಂದು ನಲವತ್ತು ದಿನ ಎಂದುಬಿಟ್ಟೆ. ಹಾಗಿದ್ದರೆ ನಲವತ್ತರದ್ದೇ ಲಾಭವಲ್ಲವೇ ಎಂದರು ಅಮ್ಮ.

ಕಾರಿನ ಕೆಳಗೆ ತಲೆ ತಗಲಿದ ಸದ್ದಾಯಿತು. ಭಾವ ಹೊರಗೆ ಬಂದರು. ಅಷ್ಟು ನೊಂದರೂ ಅವರು ಮರ್ಯಾದೆ ಬಿಡದೆ ನನ್ನ ಕಡೆಗೇ ತಿರುಗಿದರು. "ಅತ್ತೆಗೆ ಸರಿಯಾಗಿ ಹೇಳೋ. ಡಬ್ಲ್ಯೂಗಿಂತ ಮುಂಚಿನ ನಂಬರ್ರು ಎಣ್ಣೆ ಚಳೀಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ. ಆಮೇಲಿನ ನಂಬರ್ರು ಕಾದಾಗ ಎಷ್ಟು ಮಂದ ಉಳಿಯುತ್ತೆ ಅಂತ."

ನಾನು ಗಂಟಲು ಸರಿಮಾಡಿಕೊಂಡು, ಒಂದು ಚಳಿಗಾಲದ್ದು, ಇನ್ನೊಂದು ಬೇಸಿಗೆಯದ್ದು ಎಂದು ಶುರು ಮಾಡಿದೆ. ಅಮ್ಮ ಸೊಪ್ಪಿನ ಮೊರವನ್ನು ಕೆಳಗಿಟ್ಟು, ನನ್ನನ್ನು ದಾಟಿ ಭಾವನನ್ನೇ ನೋಡಿದರು.

"ಅಲ್ಲಪ್ಪಾ ನಾಗರಾಜು, ಕೊಬ್ಬರಿ ಎಣ್ಣೆ ಚಳಿಗೆ ಕಲ್ಲಾಗುತ್ತೆ, ಒಲೆ ಹತ್ರ ಇಟ್ರೆ ನೀರಾಗುತ್ತೆ. ನಿಮ್ಮ ಎಣ್ಣೆ ಎರಡೂ ಆಗಬಾರದು. ಅಷ್ಟೇ ತಾನೆ?"

ಭಾವ ತಲೆ ಉಜ್ಜಿಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದರು. ಆಮೇಲೆ ಮೆಲ್ಲಗೆ, "ಅಷ್ಟೇ ಅತ್ತೆ" ಎಂದರು. ಅಮ್ಮ ಅಲ್ಲಿಗೇ ಬಿಡಲಿಲ್ಲ. ಎಂಜಿನ್ ಹೊಗೆ ಉಗುಳುತ್ತಿದೆಯೇ, ಎಣ್ಣೆ ಕಮ್ಮಿಯಾಗುತ್ತಿದೆಯೇ ಎಂದು ವಿಚಾರಿಸಿದರು. ಎರಡೂ ಇಲ್ಲವೆಂದು ಭಾವ ಶಾಲೆಯ ಹುಡುಗನಂತೆ ಉತ್ತರಿಸಿದರು. "ಮತ್ತೆ ವಯಸ್ಸಾಯ್ತು ಅಂತ ಯಾರೋ ಅಂದಿದ್ದಕ್ಕೆ ಪಥ್ಯ ಬದಲಾಯಿಸ್ತಾರಾ? ಮಾಡಿದೋರು ಹೇಳಿದ್ದನ್ನೇ ಹಾಕಿ. ಹಾಕಿ ಕೈ ತೊಳ್ಕೊಂಡು ಊಟಕ್ಕೆ ಬನ್ನಿ."

ಊಟಕ್ಕೆ ಬನ್ನಿ ಎಂದದ್ದು ಅಮ್ಮನಿಗೇ ಗಮನಕ್ಕೆ ಬಂದಿತೋ ಇಲ್ಲವೋ. ಅಂದು ಭಾವ ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆದರು. ಅಷ್ಟು ತೊಳೆಯುವಂಥ ಜಿಡ್ಡು ಅವರ ಕೈಯಲ್ಲಿರಲಿಲ್ಲ.

ಊಟವಾದ ಮೇಲೂ ಅತ್ತೆ ಅಳಿಯ ಎಣ್ಣೆಯ ಮಾತಿನಲ್ಲೇ ಇದ್ದರು. ಅದೇ ಉತ್ಸಾಹದಲ್ಲಿ ಇಬ್ಬರೂ ನನ್ನ ಕಾರಿನ ಬಾನೆಟ್ ಎತ್ತಿಸಿದರು. ಭಾವ ಎಣ್ಣೆ ಅಳೆಯುವ ಕಡ್ಡಿಯನ್ನು ಹೊರಗೆಳೆದರು. ಅದರ ತುದಿಗೆ ಮಾತ್ರ, ಕಾಡಿಗೆಯಂಥದ್ದೇನೋ ಅಂಟಿತ್ತು. ಅಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಭಾವನ ಕಡೆ ತಿರುಗಿದರು.

"ಇವನಿಗೆ ಸ್ವಲ್ಪ ಹೇಳಿ ನಾಗರಾಜು, ಕಾರಿಗೂ ಹೊಟ್ಟೆ ಇರುತ್ತೆ ಅಂತ."

ನಾನು ಅವರಿಬ್ಬರ ನಡುವೆಯೇ ನಿಂತಿದ್ದೆ. ಆದರೂ ಭಾವ ಗಂಟಲು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ, ಒಂದಕ್ಷರವೂ ಬದಲಿಸದೆ ಅದನ್ನು ನನಗೆ ತಲುಪಿಸಿದರು. ದುಭಾಷಿಯ ಕೆಲಸವನ್ನು ಅವರು ನನಗಿಂತ ಚೆನ್ನಾಗಿ ಮಾಡುತ್ತಾರೆ.